ಕಾಟಾ ಜ್ಞಾನದೇವನ ಎರಡನೇ ಹಾವು

ಐನಾಪುರದ ಜ್ಞಾನದೇವ ಹತ್ತೊಂಬತ್ತು ಹಂಗಾಮು ಸಕ್ಕರೆ ಕಾರ್ಖಾನೆಯ ಕಾಟಾದ ಮುಂದೆ ಕುಳಿತ ಮನುಷ್ಯ. ಕಾಟಾ ಎಂದರೆ ಕಬ್ಬಿನ ಗಾಡಿ ತೂಗುವ ದೊಡ್ಡ ತಕ್ಕಡಿ. ತುಂಬಿದ ಗಾಡಿ ಒಳಗೆ ಬಂದಾಗ ಒಮ್ಮೆ ಬರೆಯಬೇಕು, ಖಾಲಿಯಾಗಿ ಹೊರಟಾಗ ಒಮ್ಮೆ ಬರೆಯಬೇಕು, ಒಂದರಲ್ಲಿ ಒಂದನ್ನು ಕಳೆಯಬೇಕು. ಇಷ್ಟೇ ಕೆಲಸ. ಆದರೆ ಇಷ್ಟೇ ಕೆಲಸವನ್ನು ಹತ್ತೊಂಬತ್ತು ವರ್ಷ ಮಾಡಿದವನಿಗೆ ಈ ಲೋಕದಲ್ಲಿ ತೂಗಲಾಗದ್ದು, ಅಳೆಯಲಾಗದ್ದು ಏನೂ ಇಲ್ಲ ಎಂಬ ಒಂದು ಭ್ರಮೆ ಹತ್ತಿಬಿಡುತ್ತದೆ. ಜ್ಞಾನದೇವನಿಗೆ ಹತ್ತಿತ್ತು.

"ಕಾಟಾ ಸುಳ್ಳ ಹೇಳಂಗಿಲ್ರಿ. ಹೇಳವ್ರು ಮನಷ್ಯಾರು" ಎಂದು ಅವನು ದಿನಕ್ಕೆ ಮೂರು ಸಲವಾದರೂ ಹೇಳುತ್ತಿದ್ದ. ಮನೆಯಲ್ಲಿ ಕೆಂಪು ರಟ್ಟಿನ ಒಂದು ರಜಿಸ್ಟರ್ ಇತ್ತು. ಅದರಲ್ಲಿ ಓಣಿಯ ಕೂಸುಗಳ ತೂಕ, ಅಥಣಿ ಬಸ್ಸು ಎಷ್ಟು ನಿಮಿಷ ತಡವಾಯಿತು, ಅತ್ತೆ ಕೆಂಪವ್ವ ಬಂದು ಎಷ್ಟು ದಿನ ಇದ್ದಳು, ಎಲ್ಲವೂ ದಾಖಲು. ಓಣಿಯಲ್ಲಿ ಯಾವುದೇ ಜಗಳ ಹತ್ತಲಿ, ಕೊನೆಗೆ ಯಾರೋ ಒಬ್ಬರು "ಜ್ಞಾನದೇವನ ಪುಸ್ತಕ ತೆಗೀರಿ" ಎನ್ನುತ್ತಿದ್ದರು. ಪುಸ್ತಕ ತೆಗೆದ ಮೇಲೆ ಜಗಳ ಮುಗಿಯುತ್ತಿತ್ತು. ಹತ್ತೊಂಬತ್ತು ವರ್ಷದಲ್ಲಿ ಅವನು ಒಂದು ಕಿಲೋ ಹೆಚ್ಚು ಕಡಿಮೆ ಬರೆದವನಲ್ಲ. ಇದು ಅವನ ವೈರಿಗಳೂ ಒಪ್ಪಿದ ಮಾತು.

ಇಂಥ ಮನುಷ್ಯನ ಮನೆಗೆ ಡಿಸೆಂಬರಿನಲ್ಲಿ ಹಾವು ಬಂತು.

ತಂದವಳು ಮಗಳು ಶುಭಾಂಗಿ. ಬೀದರದಲ್ಲಿ ದನದ ಡಾಕ್ಟರಿಕೆ ಓದುವ ಹುಡುಗಿ. ಗೆಳತಿಯೊಬ್ಬಳು ಸಾಕಿದ್ದ ಆಫ್ರಿಕಾದ ಜಾತಿಯ ಸಣ್ಣ ಹೆಬ್ಬಾವು, ವಿಷವಿಲ್ಲದ್ದು, ಸರಕಾರದಲ್ಲಿ ನೋಂದಣಿಯಾದದ್ದು, ಕಾಗದಪತ್ರದ ಸಮೇತ ಇವಳ ಪಾಲಿಗೆ ಬಂದಿತ್ತು. ಹೆದರಿದರೆ ಉಂಡೆಯಾಗಿ ಸುತ್ತಿಕೊಳ್ಳುತ್ತದೆಂದು ಅದಕ್ಕೆ ಲಾಡೂ ಎಂದು ಹೆಸರು. ಹಾಸ್ಟೆಲಿನಲ್ಲಿ ಲಾಡೂಗೆ ಜಾಗವಿಲ್ಲ. ಹೀಗಾಗಿ ಗಾಜಿನ ಪೆಟ್ಟಿಗೆ ಐನಾಪುರದ ಹಿಂದಿನ ಕೋಣೆಗೆ ಬಂತು.

ಶುಭಾಂಗಿ ಗೋಡೆಗೆ ಒಂದು ಚೀಟಿ ಅಂಟಿಸಿದಳು. ಪೆಟ್ಟಿಗೆಯ ಒಂದು ತುದಿ ಮೂವತ್ತೆರಡು ಡಿಗ್ರಿ, ಇನ್ನೊಂದು ತುದಿ ಇಪ್ಪತ್ತಾರು. ಗಾಳಿಯಲ್ಲಿ ಹಸಿ, ಅಂದರೆ ತೇವ, ನೂರಕ್ಕೆ ಅರವತ್ತು. ಪೊರೆ ಬಿಡುವ ಹೊತ್ತಿಗೆ ಎಂಬತ್ತು.

"ಪಪ್ಪಾ, ನಿನ್ನ ಕಡಿಂದ ಆಗ್ತೈತೇನು?" ಎಂದಳು.

ಚೀಟಿಯಲ್ಲಿ ಬರೀ ಅಂಕಿಗಳಿದ್ದದ್ದು ನೋಡಿ ಜ್ಞಾನದೇವನ ಎದೆ ಉಬ್ಬಿತು. "ಹದಿನಾರ ಟನ್ನಿನ ಗಾಡಿ ಕಿಲೋದ ಲೆಕ್ಕದಾಗ ಹಿಡದಾಂವ ನಾ. ಎರಡ ಮೊಳದ ಹಾವ ಹಿಡೀಲಿಕ್ಕೆ ಆಗಂಗಿಲ್ಲಂದ್ರ?"

ಹೆಂಡತಿ ಸುಂದರಾ ಅಡುಗೆಮನೆಯ ಹೊಸ್ತಿಲ ಮೇಲೆ ನಿಂತಿದ್ದಳು. ಅವಳು ಚೀರಲಿಲ್ಲ, ಅಳಲಿಲ್ಲ. ಒಂದು ಬೆರಳು ಎತ್ತಿದಳು.

"ಒಂದು. ಒಂದ ಹಾವು. ಪೆಟ್ಟಿಗ್ಯಾಗ. ಎರಡ್ನೇದು ಈ ಮನ್ಯಾಗ ಐತಿ ಅಂತ ಗೊತ್ತಾದ ದಿನಾ ನಾ ಕೊಕಟನೂರ ಬಸ್ ಹತ್ತತೇನಿ."

ಕೊಕಟನೂರು ಅವಳ ತವರು. ಜ್ಞಾನದೇವ ರಜಿಸ್ಟರ್ ತೆಗೆದು ಬರೆದ: "ಡಿಸೆಂಬರ್ ೨೦. ಹಾವು: ಒಂದು. ಸುಂದರಾ: ಒಪ್ಪಿಗೆ." ಮಗಳು ಮರುದಿನ ಬೀದರಕ್ಕೆ ಹೋದಳು.

ಜನವರಿಯ ಕೊನೆಗೆ ಲಾಡೂವಿನ ಕಣ್ಣು ಬಿಳುಚಿದವು. ಹಾವು ಪೊರೆ ಬಿಡುವ ಮುಂಚೆ ಕಣ್ಣಿನ ಮೇಲೆ ಹಾಲು ಕವಿದಂತಾಗುತ್ತದೆ. ಅದು ನೋಡುತ್ತಿದೆಯೋ ಇಲ್ಲವೋ ತಿಳಿಯುವುದಿಲ್ಲ. ನಾವು ಯಾವ ಕಡೆ ಹೋದರೂ ನಮ್ಮ ಕಡೆಗೇ ತಿರುಗಿದೆ ಅನ್ನಿಸುತ್ತದೆ. ಆ ನಾಲ್ಕು ದಿನ ಸುಂದರಾ ಹಿಂದಿನ ಕೋಣೆಗೆ ಬೆನ್ನು ಕೊಟ್ಟು ರೊಟ್ಟಿ ಬಡಿಯಲಿಲ್ಲ.

ಆ ಸಲ ಪೊರೆ ಚಿಂದಿಚಿಂದಿಯಾಗಿ ಬಂತು. ಬಾಲದ ತುದಿಯಲ್ಲಿ ಒಂದು ಉಂಗುರ ಹಾಗೇ ಉಳಿಯಿತು. ಫೋನಿನಲ್ಲಿ ನೋಡಿದ ಶುಭಾಂಗಿ, "ಪಪ್ಪಾ, ಗಾಳಿ ಒಣಗೇತಿ. ಉಗುರುಬೆಚ್ಚಗಿನ ನೀರಾಗ ಕುಂದ್ರಸು. ಮುಂದಿನ ಸಲಾ ಹಸಿ ಎಂಬತ್ತಕ್ಕ ಹೋಗಬೇಕು ನೋಡು" ಎಂದಳು.

ಬಾಲದ ಉಂಗುರ ನೀರಿನಲ್ಲಿ ಬಿಟ್ಟುಹೋಯಿತು. ಜ್ಞಾನದೇವನ ಮನಸ್ಸಿನಿಂದ ಎಂಬತ್ತು ಬಿಡಲಿಲ್ಲ. ಮಾಘದ ಬಿಸಿಲಿಗೆ ಗಾಳಿಯ ಹಸಿ ಮೂವತ್ತು ದಾಟುತ್ತಿರಲಿಲ್ಲ. ಪೆಟ್ಟಿಗೆಗೆ ನೀರು ಹೊಡೆದರೆ ಅರ್ಧ ತಾಸಿಗೆ ಹಸಿ ಅಳೆಯುವ ಮಾಪಕದ ಮುಳ್ಳು ಕೆಳಗೆ. ಪೆಟ್ಟಿಗೆಯ ಗಾಳಿ ಎಲ್ಲಿಂದ ಬರುತ್ತದೆ? ಕೋಣೆಯಿಂದ. ಕೋಣೆಯ ಗಾಳಿ? ಮನೆಯಿಂದ. ಹಾಗಾದರೆ ಮನೆಯನ್ನೇ ಎಂಬತ್ತು ಮಾಡಬೇಕು ಎಂದು ಅವನು ನಿರ್ಧರಿಸಿದ. ಲೆಕ್ಕದಲ್ಲಿ ಎಲ್ಲಿಯೂ ತಪ್ಪಿರಲಿಲ್ಲ.

ಪಕ್ಕದ ಮನೆಯ ರಾವಸಾಹೇಬರು ದ್ರಾಕ್ಷಿ ತೋಟದವರು. ಅವರಿಂದ ಔಷಧ ಹೊಡೆಯುವ ಪಂಪು ತಂದ. ಹತ್ತು ನೀರಿನಲ್ಲಿ ತೊಳೆದು, ಬೆಳಿಗ್ಗೆ ಸಂಜೆ ಬೆನ್ನಿಗೆ ಹಾಕಿಕೊಂಡು ಮನೆಯ ಗೋಡೆಗಳಿಗೆ ನೀರು ಸಿಂಪಡಿಸಿದ. ಕಿಟಕಿಗಳಿಗೆಲ್ಲ ಗೋಣಿತಟ್ಟು ಕಟ್ಟಿ ತೋಯಿಸಿದ. ಬಾಗಿಲ ಸಂದುಗಳಿಗೆ ಬಟ್ಟೆ ತುರುಕಿದ. ಮನೆಯೊಳಗೆ ಕತ್ತಲೆ ಬಂತು, ತಂಪು ಬಂತು, ಬಾವಿಯೊಳಗಿನ ವಾಸನೆ ಬಂತು. ಉಪ್ಪು ನೀರಾಯಿತು. ಹಪ್ಪಳ ಬಟ್ಟೆಯಂತೆ ಮಡಚಲು ಬರತೊಡಗಿದವು. ಗೋಡೆಯ ಮೇಲಿನ ಬಾಬಾಸಾಹೇಬರ ಫೋಟೋದ ಗಾಜಿನ ಮೇಲೆ ದಿನಾ ಮಂಜು ಕೂಡುತ್ತಿತ್ತು. ಸುಂದರಾ ದಿನಾ ಒರೆಸುತ್ತಿದ್ದಳು.

"ರೀ, ಇದು ಮನಷ್ಯಾರು ಇರೂ ಮನೀನೋ?"

"ಎಪ್ಪತ್ತೆಂಟ ಆಗೇತಿ ಸುಂದರಾ. ಇನ್ನ ಎರಡ."

ಫೆಬ್ರುವರಿಯ ನಡುವೆ ಮನೆಯ ಹಿಂದಿನ ಕಬ್ಬಿನ ಹೊಲ ಕಡಿದರು. ಆರಡಿ ಎತ್ತರದ ಹಸಿರು ಗೋಡೆ ಎರಡು ದಿನದಲ್ಲಿ ಹೋಗಿ, ಹಿತ್ತಿಲ ಕಲ್ಲಿನಿಂದ ಕೃಷ್ಣೆಯ ದಂಡೆಯವರೆಗೆ ಬರೀ ಕೂಳೆ, ಬಿಸಿಲು. ಬಿಸಿಲಿಗೆ ಕಾದ ಆ ಬಯಲಿನ ಅಂಚಿನಲ್ಲಿ ಜ್ಞಾನದೇವನ ಮನೆಯೊಂದೇ ತಂಪಾಗಿ, ಹಸಿಯಾಗಿ, ಕತ್ತಲೆಯಾಗಿ ಕುಳಿತಿತ್ತು. ಇದನ್ನು ಯಾರೂ ಗಮನಿಸಲಿಲ್ಲ. ಗಮನಿಸುವುದಕ್ಕೆ ಏನಿತ್ತು? ಕಬ್ಬು ವರ್ಷಾ ಕಡಿಯುತ್ತಾರೆ.

ಮಾರ್ಚ್ ಮೊದಲ ವಾರ ಲಾಡೂವಿನ ಕಣ್ಣಿಗೆ ಮತ್ತೆ ಹಾಲು ಬಿತ್ತು. ಮುಳ್ಳು ಎಂಬತ್ತೊಂದಕ್ಕೆ ನಿಂತಿತ್ತು. ಐದನೆಯ ದಿನ ಬೆಳಿಗ್ಗೆ ಪೆಟ್ಟಿಗೆಯೊಳಗೆ ಪೊರೆ ಬಿದ್ದಿತ್ತು. ಎಲ್ಲೂ ಹರಿಯದೆ, ಮೂಗಿನಿಂದ ಬಾಲದ ತುದಿಯವರೆಗೆ ಒಂದೇ ತುಂಡು, ಕಣ್ಣಿನ ಗುಳಿಗೂ ಎರಡು ಸಣ್ಣ ಗಾಜಿನಂಥ ಬಿಲ್ಲೆ. ಜ್ಞಾನದೇವ ಅದನ್ನು ಎರಡೂ ಕೈಯಲ್ಲಿ ಹಿಡಿದು ಅಂಗಳಕ್ಕೆ ಬಂದ. ಮಗಳು ಮೊದಲ ನಂಬರಿನಲ್ಲಿ ಪಾಸಾದ ದಿನವೂ ಅವನ ಮುಖದ ಮೇಲೆ ಅಷ್ಟು ಬೆಳಕಿರಲಿಲ್ಲ.

ಓಣಿ ನೆರೆಯಿತು. ಎದುರು ಮನೆಯ ಮುದುಕಿ ತುಳಸವ್ವ ತನ್ನ ಕೋಳಿಯನ್ನು ಕಂಕುಳಲ್ಲಿಟ್ಟುಕೊಂಡೇ ಬಂದಳು. ರಾವಸಾಹೇಬರು ಬಂದರು. ಇಲ್ಲಿಗೇ ನಿಂತಿದ್ದರೆ ಎಲ್ಲವೂ ಚೆನ್ನಾಗಿತ್ತು. ಆದರೆ ಜ್ಞಾನದೇವನಿಗೆ ಏನಾದರೂ ಕೈಗೆ ಬಂದ ಮೇಲೆ ಅಳೆಯದೆ ಇರುವುದು ಆಗದ ಮಾತು.

"ರಾವಸಾಹೇಬರ, ಈ ತುದಿ ಹಿಡೀರಿ" ಎಂದು ಟೇಪು ಬಿಚ್ಚಿದ. ಪೊರೆ ಐವತ್ತಾರು ಇಂಚು. ನಾಲ್ಕು ಅಡಿ ಎಂಟು ಇಂಚು. ರಜಿಸ್ಟರಿನಲ್ಲಿ ಬರೆದ. ಆಮೇಲೆ ಲಾಡೂವನ್ನು ತಂದು, ಬೆನ್ನುಗುಂಟ ದಾರ ಹಿಡಿದು, ದಾರವನ್ನು ಅಳೆದ. ನಲವತ್ತನಾಲ್ಕು ಇಂಚು. ಮೂರು ಅಡಿ ಎಂಟು ಇಂಚು.

ಬರೆಯುವ ಪೆನ್ನು ನಿಂತಿತು.

"ಏನಾತ್ರಿ?" ಎಂದರು ರಾವಸಾಹೇಬರು.

ಜ್ಞಾನದೇವ ಮತ್ತೆ ಅಳೆದ. ಮೂರು ಸಲ ಅಳೆದ. ತುಳಸವ್ವನ ಕೋಳಿ ಕತ್ತು ಚಾಚಿ ಮನೆಯ ಬಾಗಿಲ ಕಡೆ ನೋಡಿ ಒಂದು ನಮೂನೆ ಕೊರಗುಟ್ಟಿತು.

"ಮೂರ ಅಡಿ ಎಂಟ ಇಂಚಿನ ಹಾವು ನಾಕ ಅಡಿ ಎಂಟ ಇಂಚಿನ ತೊಗಲ ಹೆಂಗ ಬಿಡ್ತೈತ್ರಿ?" ರಾವಸಾಹೇಬರು ಕೇಳಿದರು.

"ಬಿಡಾಕ ಬರಂಗಿಲ್ಲ" ಎಂದ ಜ್ಞಾನದೇವ. "ಅಂಗಿ ಮೈಗಿಂತ ಉದ್ದ ಇರಬೌದು. ತೊಗಲ ಇರಾಕ ಬರಂಗಿಲ್ಲ."

"ಅಂದ್ರ?"

"ಅಂದ್ರ ಇದು ಇದರ ತೊಗಲಲ್ಲ."

ಅವನು ಅದನ್ನು ಕಾಟಾದ ಮೇಲೆ ಗಾಡಿಯ ತೂಕ ಹೇಳುವ ದನಿಯಲ್ಲೇ ಹೇಳಿದ. ಜನರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಎಲ್ಲರೂ ತಮ್ಮ ತಮ್ಮ ಕಾಲ ಬುಡ ನೋಡಿಕೊಂಡರು.

"ಪೆಟ್ಟಿಗಿ ಮುಚ್ಚಿತ್ತಲ್ರಿ" ಎಂದರು ರಾವಸಾಹೇಬರು, ದನಿ ತಗ್ಗಿಸಿ.

"ಮುಚ್ಚಿತ್ತು."

"ಯವ್ವಾ, ಗಾಜಿನ್ಯಾಗ ಹಾದ ಬರೂ ಹಾವು!" ಎಂದಳು ತುಳಸವ್ವ.

"ಮತ್ತ ಲಾಡೂಂದ ತೊಗಲ ಎಲ್ಲಿ ಹೋತು?" ಎಂದರು ರಾವಸಾಹೇಬರು.

"ಅದನ್ನ ಇದು ಉಟ್ಗೊಂಡ ಹೋಗೈತಿ!"

ಇಂಥ ಮಾತಿಗೆ ಮಾಮೂಲಿನಂತೆ ನಗೆ ಬರಬೇಕಿತ್ತು. ಬರಲಿಲ್ಲ. ಹೇಳಿದವಳು ತುಳಸವ್ವನಾದರೂ ಹಿಂದೆ ಜ್ಞಾನದೇವನ ಅಂಕಿ ಇತ್ತು. ಅವನ ಅಂಕಿ ಯಾವತ್ತೂ ತಪ್ಪಿದ್ದಿಲ್ಲ.

ಸುಂದರಾ ಒಳಗೆ ಹೋದಳು. ಹೊರಗೆ ಬಂದಾಗ ಕೈಯಲ್ಲಿ ಟ್ರಂಕು ಇತ್ತು.

"ಸುಂದರಾ, ತಡಿ, ಹುಡುಕಿ ತೆಗೀತೇನಿ."

"ತೆಗೀರಿ. ತೆಗದ ಮ್ಯಾಲ ಫೋನ್ ಮಾಡ್ರಿ." ಮೆಟ್ಟಿಲಿಳಿದವಳು ತಿರುಗಿ ನಿಂತಳು. "ಅಟ್ಟದ ಮ್ಯಾಲ ಇಲಿ ಸಪ್ಪಳ ನಿಂತ ಹದಿನೈದ ದಿನಾ ಆತು. ನಿಮ್ಮ ಪುಸ್ತಕದಾಗ ಅದನ್ನ ಬರದೀರೇನು?"

ಬರೆದಿರಲಿಲ್ಲ. ಸಪ್ಪಳವಾದರೆ ಬರೆಯಬಹುದು, ಆಗದ ಸಪ್ಪಳವನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದು? ಅವನು ಯೋಚಿಸುವಷ್ಟರಲ್ಲಿ ಬಸ್ಸು ಹೋಗಿತ್ತು. ಹನ್ನೊಂದು ನಿಮಿಷ ತಡ.

ಆ ಮೇಲಿನ ಹತ್ತು ದಿನ ಐನಾಪುರದ ಆ ಓಣಿಯಲ್ಲಿ ಯಾರೂ ಬರಿಗಾಲಲ್ಲಿ ನಡೆಯಲಿಲ್ಲ. ಎರಡನೇ ಹಾವನ್ನು ನೋಡದವರು ಯಾರೂ ಉಳಿಯಲಿಲ್ಲ. ಒಬ್ಬರಿಗೆ ಅದು ನಲ್ಲಿಯ ಪೈಪಿನಂತೆ ಕಂಡಿತ್ತು. ಆಮೇಲೆ ನೋಡಿದರೆ ಅದು ನಲ್ಲಿಯ ಪೈಪೇ. ಇನ್ನೊಬ್ಬರು ದ್ರಾಕ್ಷಿ ಬಳ್ಳಿಗೆ ಕೈ ಮುಗಿದರು. ರಾವಸಾಹೇಬರು ಹಾವಿನ ಉದ್ದವನ್ನು ಮೊದಲ ದಿನ ಐದು ಅಡಿ ಎಂದಿದ್ದರು. ವಾರದ ಕೊನೆಗೆ ಅದು ಟ್ರ್ಯಾಕ್ಟರಿನ ಟ್ರಾಲಿಗಿಂತ ಉದ್ದವಾಗಿತ್ತು.

"ಹಾಲ ಇಡೋ ತಮ್ಮಾ" ಎಂದಳು ತುಳಸವ್ವ.

"ನಮ್ಮನ್ಯಾಗ ಅದೆಲ್ಲಾ ಇಲ್ಲ ತುಳಸಕ್ಕಾ. ಲೆಕ್ಕ ಐತಿ."

"ಲೆಕ್ಕಾನ ಇಡು ಹಂಗಾರ ಬಟ್ಟಲದಾಗ."

ಅವಳು ಹೋಗುತ್ತ ಇನ್ನೊಂದು ಮಾತು ಹೇಳಿದಳು. ಅವಳ ಕೋಳಿ ಎರಡು ವಾರದಿಂದ ಜ್ಞಾನದೇವನ ಹಿತ್ತಿಲಿಗೆ ಕಾಲಿಟ್ಟಿಲ್ಲ, ಕಾಳು ಚೆಲ್ಲಿದರೂ ಹೋಗುವುದಿಲ್ಲ ಎಂದು. ಟ್ರಾಲಿಯಷ್ಟು ಉದ್ದದ ಹಾವಿನ ಸುದ್ದಿಯ ನಡುವೆ ಒಂದು ಕೋಳಿಯ ಮಾತನ್ನು ಯಾರು ಕೇಳುತ್ತಾರೆ?

ಹಾವು ಹಿಡಿಯುವ ಸರ್ಪಮಿತ್ರನೊಬ್ಬ ಅಥಣಿಯಲ್ಲಿದ್ದ. ಫೋನ್ ಮಾಡಿದರೆ ಅವನು ಗಾಡಿಯ ಮೇಲೆ ಹೊರಟಿದ್ದ. "ಹಾವ ಕಂಡ್ರ ನನಗ ಫೋನ್ ಮಾಡ್ರಿ. ತೊಗಲ ಕಂಡ್ರ ದರ್ಜಿಗೆ ಮಾಡ್ರಿ" ಎಂದು ಇಟ್ಟುಬಿಟ್ಟ. ಮಗಳಿಗೆ ಒಂದು ಮಾತು ಕೇಳಬಹುದಿತ್ತು. ಆದರೆ "ನಿನ್ನ ಕಡಿಂದ ಆಗ್ತೈತೇನು" ಎಂದು ಕೇಳಿದ್ದವಳಿಗೆ ಆಗಲಿಲ್ಲ ಎಂದು ಹೇಗೆ ಹೇಳುವುದು? ದಿನಾ ಪೆಟ್ಟಿಗೆಯ ಫೋಟೋ ಕಳಿಸಿ "ಎಲ್ಲಾ ಬರೋಬರಿ ಐತಿ" ಎಂದು ಬರೆಯುತ್ತಿದ್ದ. ಫೋಟೋದಲ್ಲಿ ಎಲ್ಲ ಬರೋಬರಿಯೇ ಕಾಣುತ್ತಿತ್ತು.

ಸುದ್ದಿ ಸರಕಾರದ ಕಿವಿಗೂ ಬಿತ್ತು. ಒಂದು ದಿನ ಅರಣ್ಯ ಇಲಾಖೆಯಿಂದ ಅಣ್ಣಾಸಾಬ ಎಂಬ ಸಾಹೇಬರು ಬಂದರು. ಇಪ್ಪತ್ತು ವರ್ಷ ಕಡಿದ ಮರದ ದಿಮ್ಮಿಗಳಿಗೆ ಶಿಕ್ಕಾ, ಅಂದರೆ ಸರಕಾರಿ ಮುದ್ರೆ, ಹೊಡೆದ ಅನುಭವಸ್ಥರು. ಹಾವಿನ ಕೆಲಸಕ್ಕೆ ಬಂದದ್ದು ಇದೇ ಮೊದಲು. ಕುರ್ಚಿಯ ಮೇಲೆ ಕಾಲು ಎತ್ತಿ ಮಡಚಿಕೊಂಡು ಕುಳಿತು ಕಾಗದ ಬಿಚ್ಚಿದರು.

"ತೊಗಲ ಎಷ್ಟು?"

"ಐವತ್ತಾರ ಇಂಚ್ರಿ."

"ಹಾವು?"

"ನಲವತ್ನಾಕ್ರಿ."

ಅಣ್ಣಾಸಾಬರು ಅಂಚಿನಲ್ಲಿ ಕಳೆದರು. "ಅಂದ್ರ ಹನ್ನೆರಡ ಇಂಚ ಹಾವು ಕಾಣೆ ಆಗೇತಿ."

"ಹನ್ನೆರಡ ಇಂಚಲ್ರಿ ಸಾಹೇಬ್ರ. ಪೂರ್ತಿ ಹಾವ ಕಾಣೆ ಆಗೇತಿ."

"ಲೆಕ್ಕಕ್ಕ ಬರೂದು ಹನ್ನೆರಡ ಇಂಚು. ಮಾಲ ತುಂಡ ತುಂಡಾಗಿ ಸಾಗಸಾಕ ಹತ್ಯಾರೇನು?"

"ಜೀವಂತ ಐತ್ರಿ ಅದು."

"ಜೀವಂತ ಸಾಗಸಾಕ ಬ್ಯಾರೆ ಪಾಸ್ ಬೇಕು."

ಒಂದು ತಾಸು ಹೀಗೆ ನಡೆಯಿತು. ನಡುವೆ ಒಮ್ಮೆ ಅಡುಗೆಮನೆಯ ಅಟ್ಟದ ಮೇಲೆ ಒಂದು ಡಬ್ಬಿ ತಾನೇ ಸರಿದಂತೆ ಸದ್ದಾಯಿತು. ಇಬ್ಬರೂ ಮೇಲೆ ನೋಡಿದರು. "ಇಲಿ" ಎಂದರು ಅಣ್ಣಾಸಾಬರು. "ಇಲಿ" ಎಂದ ಜ್ಞಾನದೇವ. ಸಾಹೇಬರು ಕೊನೆಗೆ ಬರೆದದ್ದು ಇಷ್ಟು: "ನೋಂದಣಿಯಾದ ಹಾವು ಒಂದು, ಹಾಜರ್. ನೋಂದಣಿ ಇಲ್ಲದ ಹಾವು ಒಂದು, ಗೈರುಹಾಜರ್." ಕೆಳಗೆ ಶಿಕ್ಕಾ ಬಿತ್ತು.

ಶಿಕ್ಕಾದ ಸುದ್ದಿ ಅಂದು ಸಂಜೆಯೊಳಗೆ ಕೊಕಟನೂರು ಮುಟ್ಟಿತು. ಜ್ಞಾನದೇವ ಫೋನ್ ಮಾಡಿದರೆ ಅತ್ತೆ ಕೆಂಪವ್ವ ಎತ್ತಿದಳು. "ಸರಕಾರ ಬರದೈತಿ ಎರಡ ಅಂತ. ನನ್ನ ಮಗಳು ಎರಡ ಹಾವಿನ ಮನೀಗಿ ಬರಂಗಿಲ್ಲ ಅಳಿಯಂದ್ರ. ನೀವು ಬೇಕಾದ್ರ ಇಲ್ಲಿಗಿ ಬರ್ರಿ. ಹಾವ ತರಬ್ಯಾಡ್ರಿ."

ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಸುಂದರಾ ತವರಿನಲ್ಲಿ ಆರು ದಿನಕ್ಕಿಂತ ಹೆಚ್ಚು ಇದ್ದದ್ದಿಲ್ಲ. ಇದು ರಜಿಸ್ಟರಿನಲ್ಲೇ ಇತ್ತು. ಈಗ ಹತ್ತನೆಯ ದಿನ. ಜ್ಞಾನದೇವ ತಾನೇ ಬೇಯಿಸಿದ ಕಡಲೆಹಿಟ್ಟಿನ ಝುಣಕಾ ತಾನೇ ಉಣ್ಣಲಾಗದೆ ತಟ್ಟೆ ಸರಿಸಿದ. ಹಂಗಾಮು ಮುಗಿದಿತ್ತು, ಕಾಟಾಕ್ಕೂ ಹೋಗುವಂತಿಲ್ಲ. ಮನೆಯ ಹಾಸಿಗೆ, ಪೆಟ್ಟಿಗೆ, ಜೋಳದ ಚೀಲ ಎಲ್ಲ ಜಾಲಾಡಿದ್ದ. ಅಟ್ಟ ಒಂದನ್ನು ಬಿಟ್ಟು. ಅಟ್ಟಕ್ಕೆ ಏಣಿ ಬೇಕು, ಏಣಿ ರಾವಸಾಹೇಬರ ತೋಟದಲ್ಲಿದೆ, ನಾಳೆ ತರೋಣ ಎಂದು ದಿನಾ ಅಂದುಕೊಳ್ಳುತ್ತಿದ್ದ. ಏಣಿ ಇಲ್ಲದ್ದು ಅವನಿಗೆ ಒಳಗೊಳಗೆ ಸಮಾಧಾನವೇ ಆಗಿತ್ತು ಎಂದು ನಾವು ಹೇಳಿದರೆ ಅವನಿಗೆ ಸಿಟ್ಟು ಬಂದೀತು.

ಹನ್ನೆರಡನೆಯ ದಿನ ಮಧ್ಯಾಹ್ನ ಕರೆಂಟು ಹೋಯಿತು. ಪೆಟ್ಟಿಗೆಯ ಕೆಳಗಿನ ಬಿಸಿ ಹಾಸು ಆರಿತು. ಮೂವತ್ತೆರಡು ಇಳಿಯಬಾರದೆಂದು ಜ್ಞಾನದೇವ ಬಾಟಲಿಗಳಿಗೆ ಬಿಸಿನೀರು ತುಂಬಿ ತಂದು, ಬಗ್ಗಿ ಗಾಜಿನೊಳಗೆ ನೋಡಿದ.

ಲಾಡೂ ಹಗಲು ಹೊತ್ತು ಎಂದೂ ಗೂಡು ಬಿಟ್ಟು ಬರುತ್ತಿರಲಿಲ್ಲ. ಅಂದು ಹೊರಗೆ ಬಂದಿತ್ತು. ಕತ್ತು ಒಂದು ಗೇಣು ಮೇಲಕ್ಕೆ ಎತ್ತಿ, ಅಡುಗೆಮನೆಯ ಕಡೆಯ ಚಾವಣಿಯನ್ನು ನೋಡುತ್ತ ನಿಂತಿತ್ತು. ನಾಲಿಗೆ ಮಾತ್ರ ಹೊರಗೆ ಒಳಗೆ ಆಡುತ್ತಿತ್ತು. ಜ್ಞಾನದೇವ ಎಡಕ್ಕೆ ಸರಿದ, ಬಲಕ್ಕೆ ಸರಿದ, ಗಾಜು ತಟ್ಟಿದ. ಅದು ಅವನನ್ನು ನೋಡಲಿಲ್ಲ.

ಆಗ ಮೇಲೆ, ಅಟ್ಟದ ಹಲಗೆಯ ಮೇಲೆ, ಯಾರೋ ಒದ್ದೆ ಸೀರೆ ಎಳೆದುಕೊಂಡು ಹೋದ ಹಾಗೆ ಸಪ್ಪಳವಾಯಿತು. ಈ ತುದಿಯಿಂದ ಆ ತುದಿಗೆ. ಅವಸರವಿರಲಿಲ್ಲ. ಲಾಡೂವಿನ ತಲೆ ಸಪ್ಪಳದ ಜೊತೆ ಜೊತೆಗೇ ನಿಧಾನ ತಿರುಗಿತು.

"ಗೋಣಿ" ಎಂದ ಜ್ಞಾನದೇವ, ಜೋರಾಗಿ. "ಗೋಣಿ ನೀರ ತೊಟ್ಟಿಕ್ಕಾಕತ್ತೈತಿ." ರಜಿಸ್ಟರ್ ತೆಗೆದ. "ಮಧ್ಯಾಹ್ನ ೧.೪೦. ಸಪ್ಪಳ. ಕಾರಣ: ಗೋಣಿ" ಎಂದು ಬರೆದ. ಬರೆದ ಮೇಲೆ ಎದೆ ಸ್ವಲ್ಪ ತಹಬಂದಿಗೆ ಬಂತು. ಎದ್ದು ಕಿಟಕಿಯ ಗೋಣಿ ಮುಟ್ಟಿ ನೋಡಿದ. ಬೆಳಿಗ್ಗೆ ನೀರು ಹಾಕುವುದನ್ನು ಮರೆತಿದ್ದ. ಗೋಣಿ ಒಣಗಿ ಖಡಕ್ಕಾಗಿತ್ತು. ಅವನು ಉಳಿದ ಮಧ್ಯಾಹ್ನವನ್ನು ತುಳಸವ್ವನ ಕಟ್ಟೆಯ ಮೇಲೆ, ಕೋಳಿಯ ಪಕ್ಕದಲ್ಲಿ ಕಳೆದ.

ಮಾರ್ಚ್ ಕೊನೆಗೆ ಶುಭಾಂಗಿ ರಜೆಗೆಂದು ಬಂದಳು. ಬಸ್ ಸ್ಟ್ಯಾಂಡಿನಿಂದ ಮನೆ ಮುಟ್ಟುವುದರೊಳಗೆ ಏಳು ಜನ ಅವಳಿಗೆ ಏಳು ಉದ್ದದ ಹಾವು ಹೇಳಿದರು. ಅವಳು ಬ್ಯಾಗು ಇಳಿಸದೆ ಅಂಗಳದಲ್ಲಿ ನಿಂತು, ರಜಿಸ್ಟರ್ ಓದಿ, ಪೊರೆ ನೋಡಿ, ಹೊಟ್ಟೆ ಹಿಡಿದುಕೊಂಡು ಕುಳಿತುಬಿಟ್ಟಳು. ಅಳುತ್ತಾಳೆ ಎಂದು ಜನ ಓಡಿ ಬಂದರು. ನಗುತ್ತಿದ್ದಳು.

"ಪಪ್ಪಾ, ಒಂದ ಫೋನ್ ಮಾಡಾಕ ಆಗ್ಲಿಲ್ಲ ನಿನಗ?"

ಬೂಟು ಕಳಚಿ, ಕಾಲುಚೀಲವನ್ನು ಎಲ್ಲರ ಮುಂದೆ ಒಳಗು ಹೊರಗಾಗಿ ಎಳೆದು ತೆಗೆದಳು. ಕಾಲಿನಷ್ಟಿದ್ದ ಚೀಲ ಎಳೆದ ರಭಸಕ್ಕೆ ಗೇಣು ಉದ್ದವಾಗಿ ಜೋತುಬಿತ್ತು. "ಹಾವು ಪೊರಿ ಬಿಡೂದು ಹಿಂಗ. ಹುರುಪಿ ನಡುವಿನ ಮಡಿಕಿ ಎಲ್ಲಾ ಬಿಚ್ಚತಾವು, ತೊಗಲ ಹಿಗ್ಗತೈತಿ. ಯಾವ ಹಾವಿನ ಪೊರಿ ಇರಲಿ, ಹಾವಿಗಿಂತ ಉದ್ದನ ಇರ್ತೈತಿ. ಐದ್ರಾಗ ಒಂದ ಪಾಲ ಕಳೀರಿ. ನೀ ಕಬ್ಬಿನ ಗಾಡ್ಯಾಗ ಖಾಲಿ ಗಾಡಿ ಕಳೀತಿಲ್ಲೋ ಪಪ್ಪಾ, ಹಂಗ."

ಜ್ಞಾನದೇವ ಕಳೆದ. ಐವತ್ತಾರರಲ್ಲಿ ಐದನೇ ಒಂದು ಪಾಲು ಹನ್ನೊಂದು ಚಿಲ್ಲರೆ. ಉಳಿದದ್ದು ನಲವತ್ತನಾಲ್ಕು ಮುಕ್ಕಾಲು. ಹಾವು ನಲವತ್ತನಾಲ್ಕು. ಅವನು ಕಣ್ಣು ಮುಚ್ಚಿ ಉಸಿರು ಬಿಟ್ಟ. ಹತ್ತೊಂಬತ್ತು ವರ್ಷ ಕಳೆಯುವುದನ್ನೇ ಮಾಡಿದವನು ಒಂದೇ ಒಂದು ಸಲ ಕಳೆಯುವುದನ್ನು ಮರೆತಿದ್ದ.

ಓಣಿ ನಕ್ಕಿತು. ಮೊದಲು ತುಳಸವ್ವ, ಆಮೇಲೆ ರಾವಸಾಹೇಬರು, ಆಮೇಲೆ ಎಲ್ಲರೂ. ಟ್ರಾಲಿಯಷ್ಟು ಉದ್ದ ಎಂದವರೇ ಎಲ್ಲರಿಗಿಂತ ಜೋರಾಗಿ ನಕ್ಕರು. ಶುಭಾಂಗಿ ಕೊಕಟನೂರಿಗೆ ಫೋನ್ ಮಾಡಿದಳು. ಮಧ್ಯಾಹ್ನದ ಬಸ್ಸಿಗೆ ಸುಂದರಾ ಟ್ರಂಕಿನ ಸಮೇತ ಇಳಿದಳು. ಕಾಲುಚೀಲದ ಆಟ ಅವಳಿಗೂ ಒಮ್ಮೆ ಆಡಿ ತೋರಿಸಲಾಯಿತು. ಅವಳು ನಗಲಿಲ್ಲ, ಆದರೆ ಹಣೆಯ ಗಂಟು ಬಿಚ್ಚಿತು.

"ಅಂದ್ರ ಒಂದ ಐತೇನು?"

"ಒಂದ ಮಮ್ಮಿ. ಖರೇನ."

"ಹಂಗಾರ ಎಲ್ಲಾರಿಗೂ ಚಾ ಆಗ್ಲಿ" ಎಂದಳು ಸುಂದರಾ, ಸೆರಗು ಸಿಕ್ಕಿಸಿ. "ರೀ, ಇಷ್ಟ ಮಂದಿಗಿ ಸಣ್ಣ ಪಾತೇಲಿ ಸಾಲೂದಿಲ್ಲ. ಅಟ್ಟದ ಮ್ಯಾಲಿಂದ ದೊಡ್ಡ ಬೋಗಾಣಿ ಇಳಸ್ರಿ."

ರಾವಸಾಹೇಬರ ಏಣಿ ಅಂದು ಅಂಗಳದಲ್ಲೇ ಇತ್ತು, ಗೋಣಿ ಬಿಚ್ಚಲು ತಂದದ್ದು. ಜ್ಞಾನದೇವ ಮೂರು ವಾರದ ಭಯಕ್ಕೆ ತಾನೇ ನಗುತ್ತ ಏಣಿ ಹತ್ತಿದ. ಅಟ್ಟದ ಮೇಲೆ ಕತ್ತಲೆ, ಬೆಚ್ಚನೆಯ ಹಸಿ. ಅಳತೆಯ ಸಾಧನವಿಲ್ಲದೆಯೂ ಅವನಿಗೆ ಎಂಬತ್ತು ಎಂದು ತಿಳಿಯಿತು. ಹಳೆಯ ಡಬ್ಬಿಗಳ ಹಿಂದೆ ಬೋಗಾಣಿ ಬೋರಲಾಗಿತ್ತು. ಅದರ ಅಂಚಿನಿಂದ ಶುರುವಾಗಿ, ಡಬ್ಬಿಗಳ ನಡುವೆ ಹಾದು, ಗೋಡೆಯ ಸಂದಿನ ತನಕ ಒಂದು ಪೊರೆ ಬಿದ್ದಿತ್ತು.

ಅವನು ಚೀರಲಿಲ್ಲ. ಕೈ ತಾನಾಗಿ ಜೇಬಿನ ಟೇಪಿಗೆ ಹೋಯಿತು. ಎಂಬತ್ತಾರು ಇಂಚು. ಐದರಲ್ಲಿ ಒಂದು ಪಾಲು ಕಳೆದ. ಅರವತ್ತೆಂಟು ಮುಕ್ಕಾಲು. ಮತ್ತೆ ಅಳೆದ. ಮತ್ತೆ ಕಳೆದ. ಕಾಟಾ ಸುಳ್ಳು ಹೇಳುತ್ತಿರಲಿಲ್ಲ.

ಕೆಳಗೆ ಸುಂದರಾ ಸಕ್ಕರೆ ಡಬ್ಬಿ ತೆರೆದು, ಸಕ್ಕರೆ ಗಟ್ಟಿಯಾದದ್ದಕ್ಕೆ ಗೊಣಗುತ್ತಿದ್ದಳು. ಆ ಗೊಣಗಾಟವನ್ನು ಅವನು ಮೂರು ವಾರದಿಂದ ಕೇಳಿರಲಿಲ್ಲ. ಅಂಗಳದಲ್ಲಿ ಜನ ಇನ್ನೂ ನಗುತ್ತಿದ್ದರು.

"ಏನ್ರಿ, ಸಿಕ್ತೇನು?" ಎಂದು ಸುಂದರಾ ಕೆಳಗಿನಿಂದ ಕೂಗಿದಳು.

ಜ್ಞಾನದೇವ ಪೊರೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಒಳಗೆ ತುರುಕಿದ. ಬೋಗಾಣಿ ಹಿಡಿದು ಇಳಿದು ಬಂದ. ಮುಖ ಸುಣ್ಣದ ಗೋಡೆಯ ಬಣ್ಣಕ್ಕೆ ತಿರುಗಿತ್ತು.

"ಬೋಗಾಣಿ ಸಿಕ್ಕೈತಿ. ನೀ ಚಾ ಅಂಗಳದಾಗ ಮಾಡು. ಕಟಗಿ ಒಲಿ ಮ್ಯಾಲ. ಮನಿ ಒಣಗಬೇಕು. ಶುಭಾ, ಕಿಟಕಿ ಎಲ್ಲಾ ತಗಿ. ರಾವಸಾಹೇಬರ, ನಿಮ್ಮ ಪಂಪ್ ಒಯ್ಯರಿ. ಆ ಅಥಣಿ ಸರ್ಪಮಿತ್ರಗ ಯಾರರ ಫೋನ್ ಹಚ್ಚರಿ, ಚಾ ಕುಡ್ಯಾಕ ಬಾ ಅನ್ರಿ. ಚೀಲ ತರಲಿ."

"ಚಾ ಕುಡ್ಯಾಕ ಚೀಲ ಯಾಕ್ರಿ?" ಎಂದರು ರಾವಸಾಹೇಬರು.

ಸುಂದರಾ ಅವನ ಮುಖ ನೋಡಿದಳು. "ಮ್ಯಾಲ ಏನೂ ಇಲ್ಲಲ್ಲ?"

ಓಣಿಯೆಲ್ಲ ಅವನ ಬಾಯಿ ನೋಡಿತು. ಅವನು ಹೇಳಿದರೆ ಅದೇ ಲೆಕ್ಕ. ಜ್ಞಾನದೇವ ರಜಿಸ್ಟರ್ ಎಳೆದುಕೊಂಡು, ಎಲ್ಲರಿಗೂ ಕಾಣುವ ಹಾಗೆ ದೊಡ್ಡ ಅಕ್ಷರದಲ್ಲಿ ಬರೆದ: "ಮಾರ್ಚ್ ೨೮. ಹಾವು: ಒಂದು. ಸುಂದರಾ: ಬಂದಳು."

ಸುಂದರಾ ಓದಿ, ತಲೆಯಾಡಿಸಿ, ಕಟ್ಟಿಗೆ ತರಲು ಹಿತ್ತಿಲ ಕಡೆ ನಡೆದಳು. "ನಿಲ್ಲು, ನಾ ತರ್ತೇನಿ" ಎಂದು ಜ್ಞಾನದೇವ ಅವಳಿಗಿಂತ ಮುಂದೆ ಓಡಿದ. ಎದೆಗೆ ಅಂಟಿದ ಪೊರೆ ಅಂಗಿಯನ್ನು ತೋಯಿಸುತ್ತಿತ್ತು. ಅದು ಇನ್ನೂ ಹಸಿ ಇತ್ತು, ಈಗಷ್ಟೇ ಬಿಟ್ಟ ಹಾಗೆ.